ಫಲಾವಳಿಯ ಅಚ್ಚುಪಟ್ಟಿ

ಚೌತಿಯ ಹಿಂದಿನ ದಿನ ಬೆಳಿಗ್ಗೆ ಬಾಡ ಊರಿನಲ್ಲಿ ಮಳೆ ನಿಂತಿತ್ತು. ಒಂಬತ್ತು ದಿನ ಬಿಡದೆ ಹೊಯ್ದ ಮಳೆ ನಸುಕಿನಲ್ಲಿ ಯಾರೋ ಕರೆದರೆಂಬಂತೆ ಎದ್ದು ಹೋಗಿತ್ತು. ಕಡಲಿನ ಕಡೆಯಿಂದ ಗಾಳಿಯೂ ಇಲ್ಲ. ತೆಂಗಿನ ಗರಿಗಳ ತುದಿಯಲ್ಲಿ ನೀರು ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಬಿಸಿಲೇನೋ ಬಂತು, ಆದರೆ ಹೊಸದಾಗಿ ಮನೆಗೆ ಬಂದ ಸೊಸೆಯ ಹಾಗೆ ಹೊಸಿಲಲ್ಲೇ ನಿಂತಿತು. ಜನ ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡೇ ನಡೆದರು. ಭಾದ್ರಪದದ ಆಕಾಶವನ್ನು ಅಷ್ಟು ಬೇಗ ನಂಬುವವರು ನಮ್ಮ ಕಡೆ ಯಾರೂ ಇಲ್ಲ.

ಬಡಿಗ ಮಾಬ್ಲ ಕೈಚೀಲ ಹಿಡಿದು ತನ್ನ ಶೆಡ್ಡಿಗೆ ಹೊರಟಿದ್ದ. ಹಬ್ಬದ ಮುನ್ನಾದಿನ ಕೆಲಸವೇನೂ ಇರಲಿಲ್ಲ. ಮನೆಯಲ್ಲಿ ಹೆಂಡತಿ ದುರ್ಗಮ್ಮ ಚಕ್ಕುಲಿಗೆ ಕೂತಿದ್ದಳು. ಅಲ್ಲಿ ಅವನು ಕೈಗೂ ಕಾಲಿಗೂ ಅಡ್ಡ. ಅದಕ್ಕೇ ಹೊರಟ.

ಶೆಡ್ಡು ಕುಮಟೆಯ ರಸ್ತೆಗೆ ತಾಗಿಕೊಂಡಿತ್ತು. ಉದ್ದಕ್ಕೆ ಒಂದೇ ಹೆಂಚಿನ ಮಾಡು, ನಡುವೆ ಹಲಗೆಯ ಅಡ್ಡಗೋಡೆ. ಎಡಬದಿ ಮಾಬ್ಲನದು, ಬಲಬದಿ ನಾಗಭೂಷಣನದು. ಇಬ್ಬರೂ ತದಡಿಯಲ್ಲಿ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ದೋಣಿ ಕಟ್ಟುವುದನ್ನು ಕಲಿತವರು. ಮಾಬ್ಲ ಐದು ವರ್ಷ ಮುಂಚೆ ಸೇರಿದ್ದನಾದ್ದರಿಂದ ನಾಗಭೂಷಣನಿಗೆ ಅವನು ಅಂದಿನಿಂದಲೂ ಮಾಬ್ಲಣ್ಣ. ಮರದ ದೋಣಿಗಳು ಹೋಗಿ ಫೈಬರ್ ದೋಣಿಗಳು ಬಂದ ಮೇಲೆ ಇಬ್ಬರೂ ಬಾಡಕ್ಕೆ ಬಂದು ಬಾಗಿಲು, ಮಂಚ, ಕಪಾಟು ಮಾಡತೊಡಗಿದರು. ಹದಿನೇಳು ವರ್ಷಗಳಿಂದ ಒಂದೇ ಮಾಡು, ಒಂದೇ ಕರೆಂಟು ಮೀಟರು, ಚಹಾಕ್ಕೆ ಒಂದೇ ಪ್ಲಾಸ್ಕು. ಹದಿನೈದು ವರ್ಷದವರೆಗೆ ಎಲ್ಲವೂ ಸುಸೂತ್ರವಾಗಿತ್ತು.

ಎರಡು ವರ್ಷದ ಹಿಂದೆ ನಾಗಭೂಷಣ ತನ್ನ ಬದಿಯ ಅಡ್ಡಗೋಡೆಯನ್ನು ಬದಲಿಸಿದ. ಅವನ ಮಗಳು ಸುಶ್ಮಿತಾ ಮೊಬೈಲಿನಲ್ಲಿ ಏನೋ ಒಂದು ವಿಡಿಯೋ ತೋರಿಸಿದಳಂತೆ. ಅಷ್ಟೇ ಸಾಕಾಯಿತು. ಗೋಡೆಗೆ ಮೇಲಿಂದ ಕೆಳಗಿನವರೆಗೆ ಅಡ್ಡಡ್ಡ ಪಟ್ಟಿಗಳನ್ನು ಹೊಡೆದ. ಪ್ರತಿ ಪಟ್ಟಿಯ ಮೇಲಂಚನ್ನು ಗೋಡೆಯ ಕಡೆಗೆ ಇಳಿಯುವಂತೆ ಓರೆಯಾಗಿ ಕೊಯ್ದಿದ್ದ. ಆಮೇಲೆ ಸಣ್ಣ ಸಣ್ಣ ಪೆಟ್ಟಿಗೆ ಮಾಡಿ, ಅವುಗಳ ಬೆನ್ನಿಗೆ ಅದೇ ಓರೆಯ ಪಟ್ಟಿಯನ್ನು ತಲೆಕೆಳಗಾಗಿ ಕೂಡಿಸಿದ. ಪೆಟ್ಟಿಗೆಯನ್ನು ಗೋಡೆಯ ಪಟ್ಟಿಯ ಮೇಲೆ ಇಟ್ಟರೆ ಒಂದರ ಓರೆ ಇನ್ನೊಂದರ ಓರೆಯೊಳಗೆ ಇಳಿದು ‘ಟಕ್’ ಎಂದು ಕೂರುತ್ತಿತ್ತು. ಮೊಳೆ ಬೇಡ, ಕೊಕ್ಕೆ ಬೇಡ. ಭಾರ ಹೆಚ್ಚಿದಷ್ಟೂ ಹಿಡಿತ ಗಟ್ಟಿ. ಬೇಡವಾದಾಗ ಮೇಲಕ್ಕೆತ್ತಿ ಬೇರೆ ಕಡೆ ಇಟ್ಟರಾಯಿತು. ಉಳಿಗಳಿಗೆ ಒಂದು ಗೂಡು, ಗರಗಸಗಳಿಗೆ ಒಂದು, ಡ್ರಿಲ್ಲಿಗೆ ಒಂದು, ಗೋಂದಿನ ಡಬ್ಬಿಗಳಿಗೆ ಒಂದು. ಇವತ್ತು ಕಿಟಕಿ ಹತ್ತಿರ ಇದ್ದದ್ದು ನಾಳೆ ಬಾಗಿಲ ಹತ್ತಿರ. ನೆಲದ ಮೇಲೆ ಗುಡಿಸಿ ಹಾಕುವ ಚಕ್ಕೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಜನ ನೋಡಲು ಬಂದರು. ನೋಡಿದವರು ತಮ್ಮ ಮನೆಗೂ ಬೇಕೆಂದರು. ಹಿರೇಗುತ್ತಿಯಲ್ಲಿ ಒಂದು ಅಡುಗೆಮನೆ ಆಯಿತು, ಸೌಟು, ಸಂಬಾರದ ಡಬ್ಬಿ, ತುರಿಮಣೆ ಎಲ್ಲ ಗೋಡೆಗೆ ಏರಿದವು. ಭಟ್ಕಳದ ಒಂದು ನವಾಯತ ಮುಸ್ಲಿಮರ ಮನೆಯಲ್ಲಿ ಇನ್ನೊಂದು ಆಯಿತು. ಬಸಳೆ ಮಾರುವ ಬಂಗಾರಿ ಕೂಡ ಬುಟ್ಟಿ ಇಳಿಸದೆ ಒಳಗೆ ನುಗ್ಗಿ, “ಗೋಡೆಗೇ ಕೈ ಬಂದಂಗಾತಲ ಭೂಷಣ” ಎಂದು ಬಾಯಿ ತೆರೆದು ನಿಂತಳು. ಅಲ್ಲಿಂದ ಮಾಬ್ಲನ ಬದಿಗೆ ಬಂದಳು.

“ಮಾಬ್ಲಣ್ಣ, ಅಂವಂದು ಗೋಡೆ ತುಂಬ, ನಿಂದು ನೆಲ ತುಂಬ. ನಾ ಬುಟ್ಟಿ ಎಲ್ಲಿ ಇಡ್ಲಿ?”

“ತಲೆ ಮೇಲೇ ಇಟ್ಕ.”

“ಕಾಲಾದ್ರೂ ಎಲ್ಲಿ ಇಡ್ಲಿ ಅಂತೆ?”

ಮಾಬ್ಲ ಕಾಲಿನಿಂದ ಒಂದು ಹಲಗೆ ಸರಿಸಿ ಜಾಗ ಮಾಡಿದ. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಅವನ ಉಳಿಗಳು ಗೋಣಿಚೀಲದಲ್ಲಿ, ಮೊಳೆಗಳು ತೆಂಗಿನ ಚಿಪ್ಪುಗಳಲ್ಲಿ, ಕೀಸುಳಿ ಎಲ್ಲಿದೆ ಎಂಬುದು ದೇವರಿಗೆ ಮತ್ತು ಅವನಿಗೆ ಮಾತ್ರ ಗೊತ್ತು.

ಹಲಗೆಗೋಡೆ ತೆಳುವಾದದ್ದು. ನಾಗಭೂಷಣ ತನ್ನ ಪಟ್ಟಿಗಳಿಗೆ ಹಾಕಿದ ಉದ್ದ ಸ್ಕ್ರೂಗಳಲ್ಲಿ ಹನ್ನೊಂದರ ಮೊನೆ ಈಚೆಗೆ, ಮಾಬ್ಲನ ಬದಿಗೆ ತೂರಿಕೊಂಡು ಬಂದಿದ್ದವು.

“ಭೂಷಣ, ನಿನ್ನ ಸ್ಕ್ರೂ ನನ್ನ ಬದಿಗೆ ಹಲ್ಲು ತೋರಿಸ್ತದೆ ನೋಡು” ಎಂದಿದ್ದ ಮಾಬ್ಲ.

“ಅಯ್ಯೋ, ತಪ್ಪಾಯ್ತು. ಅರ ಹಾಕಿ ಉಜ್ಜಿ ಕೊಡ್ತೆ ಮಾಬ್ಲಣ್ಣ.”

“ಬೇಡ, ಇರ್ಲಿ. ಚೀಲ ತೂಗಿಸೂಕೆ ಆತು.”

ಹಾಗೆ ಒಂದು ಮೊನೆಗೆ ಚೀಲ, ಒಂದಕ್ಕೆ ಅಂಗಿ, ಒಂದಕ್ಕೆ ಕ್ಯಾಲೆಂಡರು, ಒಂದಕ್ಕೆ ಹರಿದ ಕೊಡೆ ಬಂತು. ಮಾಬ್ಲನಿಗೂ ಒಂದು ಗೋಡೆಯಾಯಿತು, ಆದರೆ ಗೆಳೆಯನ ಗೋಡೆಯ ಬೆನ್ನು. ಅಂಗಿ ತೂಗಿಸುವಾಗಲೆಲ್ಲ ಅದು ಅವನಿಗೆ ನೆನಪಾಗುತ್ತಿತ್ತು. ಆಚೆಯಿಂದ ದಿನಕ್ಕೆ ಇಪ್ಪತ್ತು ಸಲ ‘ಟಕ್’ ಕೇಳುತ್ತಿತ್ತು. ಆ ಸದ್ದು ಅವನ ಎದೆಯ ಯಾವುದೋ ಒಂದೇ ಜಾಗಕ್ಕೆ ಬಡಿಯುತ್ತಿತ್ತು.

ಕೆಲಸ ನಾಗಭೂಷಣನಿಗೆ ಹೆಚ್ಚು ಬಂತಲ್ಲ ಎಂಬುದಷ್ಟೇ ಆಗಿದ್ದರೆ ಮಾಬ್ಲ ನುಂಗಿಕೊಳ್ಳುತ್ತಿದ್ದ. ಅವನ ಉರಿ ಬೇರೆ. ದೋಣಿಯ ಹಲಗೆಗೆ ಹಲಗೆ ಕೂಡಿಸುವಾಗ ನೇರ ಕೊಯ್ದರೆ ಅಲೆಯ ಹೊಡೆತಕ್ಕೆ ಬಾಯಿ ಬಿಡುತ್ತದೆ. ಓರೆಯಾಗಿ ಕೊಯ್ದು ಒಂದರ ಮೇಲೊಂದನ್ನು ಮಲಗಿಸಬೇಕು. ಆ ಓರೆಯನ್ನು ನಾಗಭೂಷಣನ ಕೈ ಹಿಡಿದು ಕಲಿಸಿದವನು ಮಾಬ್ಲ. ಮೂರು ಸಲ ತಪ್ಪಿದಾಗ ತಲೆಗೆ ಮೊಟಕಿ ಕಲಿಸಿದ್ದ. ಈಗ ಅದೇ ಓರೆ ಗೋಡೆ ಏರಿ ಕೂತಿದೆ, ಊರೆಲ್ಲ ಅದನ್ನು ‘ನಾಗಭೂಷಣನ ಗೋಡೆ’ ಎನ್ನುತ್ತಿದೆ. ಮಾಬ್ಲನಿಗೆ ತನ್ನ ಮಗುವಿಗೆ ಬೇರೆಯವರ ಹೆಸರಿಟ್ಟು ತೊಟ್ಟಿಲಿಗೆ ಹಾಕಿದಂತೆ ಕಾಣುತ್ತಿತ್ತು.

ಚೌತಿಯ ಹಿಂದಿನ ಆ ಬೆಳಿಗ್ಗೆ ನಾಗಭೂಷಣ ಶೆಡ್ಡಿನಲ್ಲಿರಲಿಲ್ಲ. ಹಬ್ಬದ ಸಾಮಾನಿಗೆಂದು ಕುಮಟೆಯ ಪೇಟೆಗೆ ಹೋಗಿದ್ದ. ಅವನ ಬದಿಗೆ ಬಾಗಿಲಿದ್ದರೂ ಬೀಗವಿರಲಿಲ್ಲ. ಬೀಗ ಹಾಕುವಂಥದ್ದು ಆ ಇಬ್ಬರ ನಡುವೆ ಏನೂ ಇರಲಿಲ್ಲ. ಮಾಬ್ಲ ಪ್ಲಾಸ್ಕು ಹುಡುಕುವ ನೆಪದಿಂದ ಒಳಗೆ ಹೋದ.

ತೆಳು ಬಿಸಿಲು ಕಿಟಕಿಯಿಂದ ಬಂದು ಗೋಡೆಯ ಮೇಲೆ ಬಿದ್ದಿತ್ತು. ಒಂದೊಂದು ಉಪಕರಣವೂ ಸ್ನಾನ ಮಾಡಿ ಪೂಜೆಗೆ ಕೂತಂತಿತ್ತು. ಮಾಬ್ಲ ಒಂದು ಪೆಟ್ಟಿಗೆಯನ್ನು ಎತ್ತಿದ, ಮತ್ತೆ ಇಟ್ಟ. ಟಕ್. ಇನ್ನೊಂದನ್ನು ಎತ್ತಿದ, ಇಟ್ಟ. ಟಕ್. ಎಷ್ಟು ಚೊಲೋ ಇದೆ ಎಂದು ಅವನ ಕೈ ಹೇಳಿತು. ಅದನ್ನು ಕೇಳಿಸಿಕೊಂಡ ಹೊಟ್ಟೆ ಇನ್ನಷ್ಟು ಉರಿಯಿತು.

ಗೋಡೆಯ ನಟ್ಟನಡುವೆ ಒಂದು ಗೂಟ. ಅದಕ್ಕೆ ಕೆಂಪು ದಾರದಿಂದ ತೂಗುಬಿಟ್ಟ, ಎರಡು ಅಡಿಯಷ್ಟು ಉದ್ದದ ಒಂದು ಸಾಗವಾನಿ ಪಟ್ಟಿ. ಅದು ಅಚ್ಚುಪಟ್ಟಿ. ಓರೆ ಎಷ್ಟು, ದಪ್ಪ ಎಷ್ಟು ಎಂಬುದಕ್ಕೆಲ್ಲ ಅದೇ ಪ್ರಮಾಣ. ಅದನ್ನು ಇಟ್ಟು ಗೆರೆ ಹಾಕಿ ಕೊಯ್ದ ಬೆನ್ನಪಟ್ಟಿಯ ಪೆಟ್ಟಿಗೆ ಮಾತ್ರ ಅದೇ ಅಳತೆಯ ಗೋಡೆಪಟ್ಟಿಯ ಮೇಲೆ ಕೂರುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಅಲುಗಾಡುತ್ತದೆ.

ಮಾಬ್ಲ ಅದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡ.

ಕದಿಯಬೇಕೆಂದೇನೂ ಅವನು ಹೋದದ್ದಲ್ಲ. ಒಂದು ದಿನ, ಒಂದೇ ಒಂದು ದಿನ, ನಾಗಭೂಷಣ ತನ್ನ ಗೋಡೆಯ ಮುಂದೆ ನಿಂತು ‘ಎಲ್ಲಿ ಹೋಯ್ತು’ ಎಂದು ತಡಕಾಡಲಿ. ನೆಲದ ಮೇಲೆ ಬಗ್ಗಿ ಹುಡುಕುವುದು ಹೇಗಿರುತ್ತದೆ ಎಂದು ಅವನಿಗೂ ತಿಳಿಯಲಿ. ಅಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಮನುಷ್ಯ ತನ್ನ ತಪ್ಪಿಗೆ ಇಷ್ಟು ಸಣ್ಣ ಅಳತೆ ಇಟ್ಟುಕೊಂಡೇ ಹೊರಡುತ್ತಾನೆ. ಅದು ಬೆಳೆಯುವುದು ಆಮೇಲೆ.

ಮನೆಗೆ ಬಂದು ಚೀಲವನ್ನು ಜಗುಲಿಯ ಮೇಲಿಟ್ಟ. ಮಧ್ಯಾಹ್ನ ಊಟ ಮಾಡಿ, ಹೊಸ ಪಂಚೆ ಉಟ್ಟು, ಮೂರ್ತಿ ಮಾಡುವ ಗುಡಿಗಾರರ ಮನೆಯಿಂದ ಗಣಪತಿಯನ್ನು ತರಲು ಹೋದ. ತಿರುಗಿ ಬಂದಾಗ ಮುಸ್ಸಂಜೆಯಾಗಿತ್ತು, ಮಳೆ ಮತ್ತೆ ಹಿಡಿದಿತ್ತು. ದೇವರ ಮುಖಕ್ಕೆ ನೀರು ಬೀಳದಂತೆ ಕೊಡೆ ಹಿಡಿದು ತಾನು ಪೂರಾ ನೆನೆದಿದ್ದ. ಒರೆಸಿಕೊಂಡು ಚೀಲ ನೋಡಿದರೆ ಪಟ್ಟಿ ಇಲ್ಲ. ದಾರಿಯಲ್ಲಿ ಬಿದ್ದಿರಬೇಕು ಎಂದುಕೊಂಡ. ಒಳಗೊಳಗೇ ಒಂದು ಸಣ್ಣ ಸಮಾಧಾನವೂ ಆಯಿತು. ಕಳೆದುಹೋದದ್ದಕ್ಕೆ ಯಾರೂ ಹೊಣೆಯಲ್ಲವಲ್ಲ.

ಮರುದಿನ ಚೌತಿ. ಗಣಪತಿ ಪೀಠದ ಮೇಲೆ ಕೂತ. ಅವನ ತಲೆಯ ಮೇಲೆ, ಮಾಡಿನ ತೊಲೆಗೆ ಕಟ್ಟಿದ ಹಗ್ಗದಲ್ಲಿ, ಫಲಾವಳಿ ತೂಗುತ್ತಿತ್ತು. ಮರದ ಪಟ್ಟಿಗಳ ಚೌಕಟ್ಟು, ಅದರ ತುಂಬ ಆ ಕಾಲದಲ್ಲಿ ಭೂಮಿ ಕೊಟ್ಟದ್ದೆಲ್ಲ: ಎಳೆಯ ತೆಂಗಿನಕಾಯಿ, ದಪ್ಪ ಸೌತೆಯಂಥ ಮೊಗೆಕಾಯಿ, ಹೀರೆ, ಹಾಗಲ, ಅಂಬಟೆಕಾಯಿ, ಅಡಿಕೆಹೂವಿನ ಸಿಂಗಾರ, ಕಾಡಿನ ಕೆಂಪು ಗೌರಿಹೂವು. ಅದನ್ನು ಕಟ್ಟುವುದು ಆ ಮನೆಯಲ್ಲಿ ದುರ್ಗಮ್ಮನ ಕೆಲಸ, ಅವಳ ಅತ್ತೆಯ ಕಾಲದಿಂದ ಬಂದದ್ದು. ಒಮ್ಮೆ ದೇವರ ಮೇಲೆ ಕಟ್ಟಿ ಪೂಜೆಯಾಯಿತೆಂದರೆ ಅದರಿಂದ ಒಂದು ನಾರನ್ನೂ ಬಿಚ್ಚುವ ಹಾಗಿಲ್ಲ. ದೇವರನ್ನು ಕಡಲಿಗೆ ಕಳಿಸಿದ ಮೇಲೆ ಬಿಚ್ಚಿ ನೆರೆಮನೆಗಳಿಗೆಲ್ಲ ಪಾಲು ಹಂಚಬೇಕು. ಅವರ ಮನೆಯಲ್ಲಿ ದೇವರು ಐದು ದಿನ ಇರುತ್ತಿದ್ದ.

ಮಂಗಳಾರತಿ ಎತ್ತುವಾಗ ಮಾಬ್ಲ ಕಣ್ಣೆತ್ತಿದ. ಚೌಕಟ್ಟಿನ ನಡುಪಟ್ಟಿ ಹೊಸದು. ಅರಿಶಿನ ಬಳಿದಿದ್ದರೂ ಅದರ ಒಂದಂಚಿನ ಓರೆ ಆರತಿಯ ಬೆಳಕಿಗೆ ಎದ್ದು ಕಾಣುತ್ತಿತ್ತು. ತುದಿಯ ತೂತಿನಲ್ಲಿ ಕೆಂಪು ದಾರ ಹಾಗೇ ಇತ್ತು. ಮೊಗೆಕಾಯಿಗಳ ನಡುವೆ, ಗಣಪತಿಯ ಕಿರೀಟಕ್ಕೆ ಒಂದು ಮೊಳ ಮೇಲೆ.

ಅವನು ಆರತಿಯನ್ನು ಒಂದು ಸುತ್ತು ಹೆಚ್ಚೇ ಬೆಳಗಿದ.

ಪೂಜೆ ಮುಗಿದ ಮೇಲೆ ದುರ್ಗಮ್ಮನನ್ನು ಮೆಲ್ಲಗೆ ಕೇಳಿದ. “ನಡುವಿನ ಪಟ್ಟಿ ಎಲ್ಲಿಂದ ಬಂತು?”

“ನೀವೇ ತಂದದ್ದಲ್ದಾ? ಹಳೇದು ಒರಲೆ ಹಿಡ್ದು ಪುಡಿ ಆಗಿತ್ತು, ನಾ ಮೊನ್ನೆಯೇ ಹೇಳಿದ್ದೆ. ಚೀಲದಲ್ಲಿ ಕಂಡ್ತು, ಮರೀದೆ ತಂದ್ರಲ ಅಂದ್ಕಂಡೆ. ಕೆಂಪು ದಾರನೂ ಕಟ್ಟಿ ತಂದಿದ್ರಿ. ದೇವ್ರಿಗೆ ಚೊಲೋ ಆತು.”

ಅವಳ ಮುಖದಲ್ಲಿ ಗಂಡನ ಬಗ್ಗೆ ಅಪರೂಪಕ್ಕೊಮ್ಮೆ ಮೂಡುವ ಮೆಚ್ಚುಗೆ ಇತ್ತು. ಮಾಬ್ಲ ಹೂಂ ಎಂದ.

ಸಂಜೆ ನಾಗಭೂಷಣ ಬಂದ. ಪ್ರತಿ ಚೌತಿಗೂ ಬರುತ್ತಿದ್ದ. ಕೈಮುಗಿದು, ಪಂಚಕಜ್ಜಾಯ ತಿಂದು, ಚಕ್ಕುಲಿ ಮುರಿಯುತ್ತ ಜಗುಲಿಯಲ್ಲಿ ಕೂತ. ಅಲ್ಲಿ ಇನ್ನೂ ಮೂರು ನಾಲ್ಕು ಜನ ಇದ್ದರು. ಅವನ ಮುಖ ಬಾಡಿತ್ತು.

“ಮಾಬ್ಲಣ್ಣ, ನನ್ನ ಅಚ್ಚುಪಟ್ಟಿ ಕಾಣೂದಿಲ್ಲ. ನಿನ್ನ ಬದಿಗೆ ಎಲ್ಲಾದ್ರೂ ಬಂದು ಬಿತ್ತಾ?”

“ನನ್ನ ಬದಿಗೆ ಬಿದ್ದದ್ದು ಸಿಕ್ಕೂದು ಉಂಟಾ?” ಎಂದ ಮಾಬ್ಲ. ಕೂತವರು ನಕ್ಕರು.

“ನಗೂದಲ್ಲ. ಹೊನ್ನಾವರದ ಗುರುದತ್ತ ಇದ್ದಾನಲ್ಲ, ದೋಣಿ ಇಂಜಿನ್ನಿನ ಸಾಮಾನಿನ ಅಂಗಡಿ ಹಾಕ್ತಾ ಇದ್ದಾನೆ. ಅವನ ಗೋಡೆಗೆ ಪಟ್ಟಿ ಎಲ್ಲ ಹೊಡ್ದು ಬಂದೆ. ಇಪ್ಪತ್ನಾಲ್ಕು ಪೆಟ್ಟಿಗೆ ಆಗ್ಬೇಕು. ಭಾರ ಜಾಸ್ತಿ ಅಂತ ಓರೆನೂ ದಪ್ಪನೂ ಬೇರೆ ಮಾಡಿದ್ದೆ, ನನ್ನ ಗೋಡೆಯ ಅಳತೆ ಅದಕ್ಕೆ ಆಗೂದಿಲ್ಲ. ಅದಕ್ಕೆ ಇದ್ದದ್ದು ಅದೊಂದೇ ಅಚ್ಚು.”

“ಅಲ್ಲಿ ಹೋಗಿ ಅಳ್ಕಂಡು ಬಾ” ಎಂದರು ಯಾರೋ.

“ಅಂಗಡಿಗೆ ಬೀಗ. ಅಂವ ಹಬ್ಬಕ್ಕೆ ಭಟ್ಕಳಕ್ಕೆ ಹೆಂಡ್ತಿ ಮನೆಗೆ ಹೋಗಿದ್ದಾನೆ, ಕೀಲಿಕೈ ಅವನ ಸೊಂಟದಲ್ಲಿ. ಬರೂದು ಚೌತಿಯಿಂದ ಏಳನೇ ದಿನ, ಎಂಟನೇ ದಿನ ಅಂಗಡಿ ಪೂಜೆ. ಅಷ್ಟ್ರೊಳಗೆ ಆಗಿಲ್ಲ ಅಂದ್ರೆ ಮಂಗಳೂರಿಂದ ಕಬ್ಬಿಣದ್ದು ತರಿಸ್ತೆ ಅಂದಿದ್ದಾನೆ. ಹೊನ್ನಾವರದ ಪೇಟೆಯಲ್ಲಿ ನಂದು ಮೊದಲ್ನೇ ಕೆಲಸ ಅದು. ಮಾತು ಕೊಟ್ಟು ತಪ್ಪಿದಂವ ಅಂತ ಹೆಸರು ಬಂದ್ರೆ ಆಮೇಲೆ ಅಲ್ಲಿ ಯಾರು ಕರೀತಾರೆ?”

ಹೇಳಿಬಿಡಬೇಕು ಎಂದು ಮಾಬ್ಲ ಬಾಯಿ ತೆರೆದ. ಅಷ್ಟರಲ್ಲಿ ಕೂತವರಲ್ಲಿ ಒಬ್ಬರು, “ನಿನ್ನ ತಲೆಯಲ್ಲಿ ಇದೆಲ್ಲ ಹೇಗೆ ಹೊಳೀತದೋ ಮಾರಾಯ” ಎಂದರು.

ನಾಗಭೂಷಣ ತಲೆ ಅಲ್ಲಾಡಿಸಿದ. “ನನ್ನ ತಲೆ ಎಂತದು? ವಿಡಿಯೋ ನೋಡಿದ್ರೆ ಕೈಗೆ ಬರೂದಿಲ್ಲ. ಓರೆ ಹಿಡಿಯೂದು ಕಲಿಸಿದ್ದು ಮಾಬ್ಲಣ್ಣ. ತದಡಿಯಲ್ಲಿ ತಲೆ ಮೇಲೆ ಮೊಟಕಿ ಕಲಿಸಿದ್ದಾನೆ. ಗುರುದತ್ತನಿಗೂ ಅದೇ ಹೇಳಿದೆ, ಈ ಓರೆ ನಂದಲ್ಲ, ನಮ್ಮ ಮಾಬ್ಲಣ್ಣಂದು ಅಂತ.”

ಎರಡು ವರ್ಷದಿಂದ ಮಾಬ್ಲ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಉರಿ ತಣಿಯಬೇಕಿತ್ತು. ತಣಿಯಲಿಲ್ಲ, ಇನ್ನೂ ಎತ್ತರಕ್ಕೆ ಎದ್ದಿತು. ಕೆಲಸವೂ ಅವನದೇ, ಹೆಸರೂ ಅವನದೇ, ಈಗ ದೊಡ್ಡ ಮನಸ್ಸೂ ಅವನದೇ. ತನಗೆ ಉಳಿದದ್ದು ಏನು? ಒಂದು ಕದ್ದ ಪಟ್ಟಿ. ಕೊಡುವವನು ಮೇಲೆ ನಿಂತಿರುತ್ತಾನೆ, ತೆಗೆದುಕೊಳ್ಳುವವನು ಕೆಳಗೆ. ಹೊಗಳಿಕೆಯನ್ನು ತೆಗೆದುಕೊಳ್ಳುವುದಕ್ಕೂ ಆ ಸಂಜೆ ಅವನಿಗೆ ಬಗ್ಗಲಾಗಲಿಲ್ಲ.

“ಹುಡುಕು, ಸಿಕ್ತದೆ” ಎಂದಷ್ಟೇ ಹೇಳಿ ಒಳಗೆ ಹೋದ.

ಎರಡನೇ ದಿನ ಶೆಡ್ಡಿನಲ್ಲಿ ಕೂತು ಆಚೆಯ ಸದ್ದು ಕೇಳಿದ. ನಾಗಭೂಷಣ ಪೆಟ್ಟಿಗೆಗಳ ಒಡಲನ್ನು ಕೂಡಿಸುತ್ತಿದ್ದ, ನಡುನಡುವೆ ಸುತ್ತಿಗೆ ಇಟ್ಟು ಹುಡುಕುತ್ತಿದ್ದ. ಗೂಡು ಎತ್ತುವ ಸದ್ದು, ಇಡುವ ಸದ್ದು. ಅಂದು ‘ಟಕ್’ ಎಂಬುದು ಬೇರೆ ಥರ ಕೇಳಿತು. ಹಲಗೆಯ ಸಂದಿನಿಂದ ಇಣುಕಿದರೆ, ಬೆನ್ನಪಟ್ಟಿ ಇಲ್ಲದ ಪೆಟ್ಟಿಗೆಗಳು ನೆಲದ ಮೇಲೆ ಸಾಲಾಗಿ ಬಿದ್ದಿದ್ದವು. ನಾಗಭೂಷಣನ ನೆಲವೂ ತುಂಬಿತ್ತು.

ನೋಡಬೇಕೆಂದಿದ್ದದ್ದನ್ನು ಮಾಬ್ಲ ನೋಡಿದ. ರುಚಿಯಿರಲಿಲ್ಲ. ಆದರೂ ಅವನು ಎದ್ದು ಹೋಗಿ ಹೇಳಲಿಲ್ಲ. ಅವನ ಬಳಿ ಈಗ ಒಂದು ಚೊಲೋ ನೆಪವಿತ್ತು. ದೇವರ ಮೇಲೆ ಕಟ್ಟಿದ್ದನ್ನು ಬಿಚ್ಚುವ ಹಾಗಿಲ್ಲ. ನಾನು ಕೊಡುವುದಿಲ್ಲ ಎಂದೆನೇ? ದೇವರು ಹಿಡಿದುಕೊಂಡಿದ್ದಾನೆ, ನಾನೇನು ಮಾಡಲಿ. ಬೆಳಿಗ್ಗೆ ಸಂಜೆ ಪೂಜೆಗೆ ಕೂತಾಗ ಇದನ್ನೇ ಮಂತ್ರದ ಹಾಗೆ ಹೇಳಿಕೊಂಡ. ಹೊಟ್ಟೆಕಿಚ್ಚು ಬೈಗುಳದ ದನಿಯಲ್ಲಿ ಬಂದರೆ ಗುರುತು ಹಿಡಿಯಬಹುದು, ಭಕ್ತಿಯ ದನಿಯಲ್ಲಿ ಬಂದರೆ ಹಿಡಿಯುವುದು ಕಷ್ಟ. ಗಣಪತಿ ಮಾತ್ರ ಸಣ್ಣ ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದ.

ಮೂರನೇ ದಿನ ಸಂಜೆ ನಾಗಭೂಷಣ ಮತ್ತೆ ಬಂದ, ಈ ಸಲ ಮಗಳ ಜೊತೆ. ಸುಶ್ಮಿತಾ ಹೂವು ತಂದಿದ್ದಳು. “ದೊಡ್ಡಪ್ಪ, ಅಪ್ಪ ಮೂರು ದಿನದಿಂದ ಸರಿ ಉಂಡಿಲ್ಲ. ನೀವಾದ್ರೂ ಹೇಳಿ” ಎಂದಳು. ಮಾಬ್ಲ ಪೂಜೆಯ ಗಂಟೆ ಎತ್ತಿಕೊಂಡು ಒರೆಸತೊಡಗಿದ.

ನಾಗಭೂಷಣ ದೇವರ ಮುಂದೆ ಕಣ್ಣು ಮುಚ್ಚಿ ಕೂತ. ಬಹಳ ಹೊತ್ತು ಕೂತ. ಕಣ್ಣು ತೆರೆದಾಗ ಸೀದಾ ಮೇಲೆ ನೋಡಿದ. ನೋಡುತ್ತಲೇ ಇದ್ದ. ಅವನ ದೃಷ್ಟಿ ಮೊಗೆಕಾಯಿಯಿಂದ ಹೀರೆಗೆ, ಹೀರೆಯಿಂದ ಕೆಂಪು ದಾರಕ್ಕೆ ಬಂದು ಅಲ್ಲೇ ನಿಂತದ್ದನ್ನು ಮಾಬ್ಲ ಕಂಡ.

ನಾಗಭೂಷಣ ತಲೆ ತಗ್ಗಿಸಿ ಮಾಬ್ಲನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಯಾವುದೋ ಲೆಕ್ಕ ತಪ್ಪಿದವನ ಹಾಗೆ ಮುಖ ಇತ್ತು.

“ದೇವ್ರು ಇನ್ನೆಷ್ಟು ದಿನ ಇರ್ತಾನೆ ಮಾಬ್ಲಣ್ಣ?”

“ನಾಡಿದ್ದು ಸಂಜೆ ಕಳಿಸೂದು.”

“ಆತು” ಎಂದ ನಾಗಭೂಷಣ. ನೆಲಕ್ಕೆ ಹಣೆ ಮುಟ್ಟಿಸಿ ಎದ್ದ. “ನಡಿ ಮಗಾ” ಎಂದು ಸುಶ್ಮಿತಾಳನ್ನು ಕರೆದುಕೊಂಡು ಹೋದ. ಚಕ್ಕುಲಿ ಮುಟ್ಟಲಿಲ್ಲ.

ದುರ್ಗಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದಳು. ಅವರು ಗೇಟು ದಾಟಿದ ಮೇಲೆ ಒಳಗೆ ಬಂದಳು.

“ಆ ಪಟ್ಟಿ ಯಾರದ್ದು?”

ಮಾಬ್ಲ ಹೇಳಿದ. ಹೇಳುವಾಗ ದೇವರ ಕಡೆಗೂ ಅವಳ ಕಡೆಗೂ ನೋಡದೆ ಗಂಟೆಯನ್ನು ನೋಡುತ್ತಿದ್ದ.

ದುರ್ಗಮ್ಮ ಕೂತುಬಿಟ್ಟಳು. “ನೀವು ಎತ್ಕಂಡು ಬಂದದ್ದನ್ನ ನನ್ನ ಕೈಯಲ್ಲಿ ದೇವ್ರ ತಲೆ ಮೇಲೆ ಕಟ್ಸಿದ್ರಿ. ಮೂರು ದಿನ ಅದಕ್ಕೇ ಆರತಿ ಎತ್ತಿದ್ರಿ.”

“ನಾ ಕಟ್ಸಿದ್ದಲ್ಲ, ನೀನೇ ಕಟ್ಟಿದ್ದು. ಈಗ ಬಿಚ್ಚುಕೆ ಆಗ್ತದಾ? ದೇವ್ರ ಮೇಲಿಂದು.”

“ದೇವ್ರ ಹೆಸ್ರು ಹೇಳ್ಬೇಡಿ.” ಅವಳ ದನಿ ಏರಲಿಲ್ಲ. “ಬಿಚ್ಚೂದು ಬೇಡ. ಬಿಚ್ಚಿ ಅಂತ ನಾ ಹೇಳ್ಲಿಲ್ಲ. ನೋಡೂಕೆ ಅಡ್ಡಿ ಉಂಟಾ? ನೀವು ಬಡಿಗ ಅಲ್ದಾ? ಮಣೆ ಮೇಲೆ ಹತ್ತಿ, ಕಾಗದ ಹಿಡ್ದು, ಗೆರೆ ಹಾಕ್ಕಂಡು, ಅಂಥದ್ದೇ ಒಂದು ಕೊಯ್ದು ಕೊಟ್ಟಿದ್ರೆ ಮೊನ್ನೆಯೇ ಅವನ ಕೆಲಸ ಸುರು ಆಗ್ತಿತ್ತು. ಹೌದೋ ಅಲ್ಲೋ?”

ಮೂವತ್ತೈದು ವರ್ಷ ಮರ ಕೊಯ್ದ ಮಾಬ್ಲನ ಕೈಗೆ ಇಷ್ಟು ಸಣ್ಣ ಉಪಾಯ ಹೊಳೆಯಲಿಲ್ಲವೇ? ಹೊಳೆದಿತ್ತು. ಎರಡನೇ ದಿನವೇ ಹೊಳೆದಿತ್ತು. ಅದನ್ನು ಹೊಸಿಲ ಹೊರಗೇ ನಿಲ್ಲಿಸಿದವನು ಅವನೇ.

ದುರ್ಗಮ್ಮ ಎದ್ದು ಹೋಗಿ ಮಣೆ ತಂದಿಟ್ಟಳು. ಯಾರದೋ ಮದುವೆಯ ಕಾಗದವನ್ನು, ದಪ್ಪನೆಯದು, ಅದರ ಜೊತೆಗೆ ಕೊಟ್ಟಳು.

ಮಾಬ್ಲ ಕೈಕಾಲು ತೊಳೆದು ಬಂದು, ದೇವರಿಗೆ ಅಡ್ಡ ಬಿದ್ದು, ಮಣೆ ಹತ್ತಿದ. ಪಟ್ಟಿಯ ತುದಿ ಚೌಕಟ್ಟಿನಿಂದ ನಾಲ್ಕು ಬೆರಳು ಈಚೆಗೆ ಬಂದಿತ್ತು. ಒಂದು ಹೂವೂ ಅಲುಗದ ಹಾಗೆ ಕಾಗದವನ್ನು ಆ ತುದಿಗೆ ಒತ್ತಿ ಹಿಡಿದು ಪೆನ್ಸಿಲಿನಿಂದ ಗೆರೆ ಎಳೆದ. ಗೌರಿಹೂವಿನ ಒಂದು ಎಸಳು ಅವನ ಕೆನ್ನೆಗೆ ತಾಗುತ್ತಿತ್ತು. ಗಣಪತಿಯ ಮುಖ ಅಷ್ಟು ಹತ್ತಿರದಿಂದ ಅವನು ಯಾವತ್ತೂ ನೋಡಿರಲಿಲ್ಲ. ಗುಡಿಗಾರ ಬಳಿದ ಬಣ್ಣದಲ್ಲಿ ಹುಬ್ಬಿನ ಮೇಲೆ ಒಂದು ಸಣ್ಣ ಗುಳ್ಳೆ ಎದ್ದಿತ್ತು. ಎಲ್ಲರ ಕೈಯೂ ಒಮ್ಮೊಮ್ಮೆ ತಪ್ಪುತ್ತದೆ ಎಂದು ಅವನಿಗೆ ಅನಿಸಿತು. ಗೆರೆ ಮಾತ್ರ ತಪ್ಪದ ಹಾಗೆ ಎಳೆದ.

ನಾಲ್ಕನೇ ದಿನ ಬೆಳಿಗ್ಗೆ ಬೇಗ ಶೆಡ್ಡಿಗೆ ಹೋಗಿ ತಾನು ಜತನದಿಂದ ಇಟ್ಟಿದ್ದ ಸಾಗವಾನಿ ಹಲಗೆಯನ್ನು ಹೊರತೆಗೆದ. ತದಡಿಯಲ್ಲಿ ಕೊನೆಯ ದೋಣಿ ಕಟ್ಟಿದಾಗ ಉಳಿದದ್ದು, ಹದಿನೇಳು ವರ್ಷ ಒಣಗಿದ ಮರ. ಮದುವೆಕಾಗದದ ಗೆರೆಯನ್ನು ಮರಕ್ಕೆ ಇಳಿಸಿ ಮೊದಲ ಬೆನ್ನಪಟ್ಟಿ ಕೊಯ್ದ. ಕೀಸುಳಿ ಹುಡುಕುವುದಕ್ಕೇ ಅರ್ಧ ಗಂಟೆ ಬೇಕಾಯಿತು, ಹುಡುಕುತ್ತ ಅವನಿಗೇ ನಗು ಬಂತು. ಆಮೇಲೆ ಎರಡನೆಯದು, ಮೂರನೆಯದು.

ಕೆಲಸ ಮಾಡುವಾಗಲೂ ಹೊಟ್ಟೆಯ ಉರಿ ಪೂರಾ ಆರಿತ್ತೆಂದು ಹೇಳಿದರೆ ಸುಳ್ಳಾದೀತು. ಅಂಚನ್ನು ಕೀಸುವಾಗ, ಅವನ ಕೈಯಿಂದ ಇಷ್ಟು ನುಣುಪು ಬರುವುದಿಲ್ಲ, ನೋಡಲಿ, ಎಂದು ಒಳಗಿನ ಒಂದು ದನಿ ಹೇಳುತ್ತಲೇ ಇತ್ತು. ಮಾಬ್ಲ ಅದನ್ನು ಓಡಿಸಲು ಹೋಗಲಿಲ್ಲ. ಹೇಳುತ್ತಿರಲಿ, ಗರಗಸ ನಡೆಯುತ್ತಿರಲಿ. ಎತ್ತು ಕೊಂಬು ಆಡಿಸಿದರೂ ಗದ್ದೆ ಉತ್ತರೆ ಆಯಿತಲ್ಲ ಎಂದು ಇದ್ದುಬಿಟ್ಟ.

ಅಡ್ಡಗೋಡೆಯ ಆಚೆ ನಾಗಭೂಷಣ ಬಂದ ಸದ್ದಾಯಿತು. ಈಚೆ ಗರಗಸ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಆಚೆ ಏನೂ ಕೇಳಿಸಲಿಲ್ಲ, ಕಿವಿಗೊಟ್ಟು ನಿಂತಿರಬೇಕು. ನೇರ ಕೊಯ್ಯುವ ಗರಗಸದ ಸದ್ದು ಬೇರೆ, ಓರೆ ಕೊಯ್ಯುವುದರ ಸದ್ದು ಬೇರೆ. ಅದನ್ನು ತಿಳಿಯಲು ನೋಡಬೇಕಾಗಿಲ್ಲ. ಆಮೇಲೆ ಆಚೆಯಿಂದಲೂ ಸುತ್ತಿಗೆಯ ಸದ್ದು ಸುರುವಾಯಿತು. ಮಧ್ಯಾಹ್ನ ಮಾಬ್ಲ ಬಾಗಿಲಿಗೆ ಬಂದು ನೋಡಿದರೆ ಅವನ ಹೊಸಿಲ ಮೇಲೆ ಚಹಾದ ಪ್ಲಾಸ್ಕು ಇತ್ತು. ಅರ್ಧ ತುಂಬಿತ್ತು.

ಬಸಳೆಯ ಬುಟ್ಟಿ ಹೊತ್ತು ಬಂದ ಬಂಗಾರಿ ಎರಡೂ ಕಡೆ ಇಣುಕಿದಳು. “ಎಂತ, ಇಬ್ರೂ ಒಂದೇ ತಾಳಕ್ಕೆ ಬಡೀತ್ರಿ. ಮಾತು ಬಿಟ್ರಾ?”

“ನಿನ್ನ ಮಾತೇ ಸಾಕಲ ಊರಿಗೆ” ಎಂದರು ಇಬ್ಬರೂ, ಆಚೆಯಿಂದ ಒಬ್ಬ, ಈಚೆಯಿಂದ ಒಬ್ಬ. ಒಟ್ಟಿಗೇ ಹೇಳಿದ್ದಕ್ಕೆ ಇಬ್ಬರೂ ಒಟ್ಟಿಗೇ ಸುಮ್ಮನಾದರು.

ಐದನೇ ದಿನ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ನಾಲ್ಕು ಬೆನ್ನಪಟ್ಟಿ ಮುಗಿದವು. ಸಂಜೆ ಗಣಪತಿಯನ್ನು ತಲೆಯ ಮೇಲೆ ಹೊತ್ತು ಬಾಡದ ಕಡಲಿಗೆ ನಡೆದರು. ಮಳೆಯಿರಲಿಲ್ಲ. ಅಲೆ ಮೂರು ಸಲ ಬಂದು ಕಾಲು ಮುಟ್ಟಿ ಹೋಯಿತು, ನಾಲ್ಕನೇ ಸಲ ದೇವರನ್ನು ತೆಗೆದುಕೊಂಡಿತು. ಮಾಬ್ಲ ಸೊಂಟದಷ್ಟು ನೀರಿನಲ್ಲಿ ನಿಂತು ಖಾಲಿ ಮಣೆಯನ್ನು ತೊಳೆದುಕೊಂಡ. ಏನನ್ನೂ ಕೇಳಿಕೊಳ್ಳಲಿಲ್ಲ. ಕೇಳುವ ಮುಖ ಆ ವರ್ಷ ಅವನಿಗಿರಲಿಲ್ಲ.

ಮನೆಗೆ ಬಂದು ದುರ್ಗಮ್ಮ ಫಲಾವಳಿ ಇಳಿಸಿದಳು. ಬಾಳೆಯ ನಾರು ಬಿಚ್ಚಿ, ಮನೆಮನೆಗೆ ಪಾಲು ಮಾಡಿದಳು. ಬಂಗಾರಿಗೆ ಹೀರೆ ಮತ್ತು ಅಂಬಟೆ, ಕೆಳಗಿನ ಮನೆಯವರಿಗೆ ತೆಂಗಿನಕಾಯಿ. ನಾಗಭೂಷಣನ ಮನೆಯ ತಟ್ಟೆಗೆ ಪ್ರತಿ ವರ್ಷದಂತೆ ಎಲ್ಲಕ್ಕಿಂತ ದೊಡ್ಡ ಮೊಗೆಕಾಯಿ ಇಟ್ಟಳು. ಅದರ ಪಕ್ಕದಲ್ಲಿ ಅಚ್ಚುಪಟ್ಟಿಯನ್ನು ಮಲಗಿಸಿ, ಮೇಲೊಂದು ಬಾಳೆಲೆ ಮುಚ್ಚಿದಳು.

“ನೀವೇ ಕೊಟ್ಟು ಬನ್ನಿ” ಎಂದಳು.

ನಾಗಭೂಷಣ ಶೆಡ್ಡಿನಲ್ಲೇ ಇದ್ದ. ದೀಪ ಹಾಕಿಕೊಂಡು ಪೆಟ್ಟಿಗೆಗಳ ನಡುವೆ ಕೂತಿದ್ದ. ಮಾಬ್ಲ ಮೊದಲು ತನ್ನ ಬದಿಗೆ ಹೋಗಿ ಬೆನ್ನಪಟ್ಟಿಗಳ ಕಟ್ಟನ್ನು ಹೆಗಲ ಮೇಲೆ ಹೊತ್ತು, ಕೈಯಲ್ಲಿ ತಟ್ಟೆ ಹಿಡಿದು ಒಳಗೆ ಬಂದ. ಕಟ್ಟನ್ನು ನೆಲಕ್ಕೆ ಇಳಿಸಿದ. ನಾಗಭೂಷಣ ಒಂದು ಪಟ್ಟಿಯನ್ನು ಎಳೆದು ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ.

“ಮೂರು ದಿನ ಉಂಟು” ಎಂದ ಮಾಬ್ಲ. “ಇಬ್ರು ಕೂತ್ರೆ ಆಗ್ತದೆ. ಹೊನ್ನಾವರಕ್ಕೂ ಬತ್ತೆ.”

ನಾಗಭೂಷಣ ಪಟ್ಟಿಯನ್ನು ಕೆಳಗಿಡಲಿಲ್ಲ. “ಕೇಳಿದ್ರೆ ಕೊಡ್ತಿದ್ದೆ ಮಾಬ್ಲಣ್ಣ. ನಿನ್ನ ಗೋಡೆನೂ ಮಾಡಿ ಕೊಡ್ತಿದ್ದೆ.”

“ಗೊತ್ತು. ಅದಕ್ಕೇ ಕೇಳ್ಲಿಲ್ಲ.”

ಹೊರಗೆ ಯಾರ ಮನೆಯದೋ ಗಣಪತಿ ಕಡಲಿಗೆ ಹೋಗುತ್ತಿತ್ತು, ತಾಳದ ಸದ್ದು ರಸ್ತೆಯುದ್ದಕ್ಕೂ ಸಾಗಿ ತಗ್ಗಿತು. ಮಾಬ್ಲ ಬಾಳೆಲೆ ಸರಿಸಿ, ಮೊಗೆಕಾಯಿಯ ಪಕ್ಕದಿಂದ ಅಚ್ಚುಪಟ್ಟಿಯನ್ನು ತೆಗೆದ. ಅರಿಶಿನ ಇನ್ನೂ ಅದರ ಓರೆಗೆ ಅಂಟಿಕೊಂಡಿತ್ತು, ಕೆಂಪು ದಾರಕ್ಕೂ ಹತ್ತಿತ್ತು. ಒರೆಸಲು ಹೋಗಲಿಲ್ಲ. ಪ್ರಸಾದ ಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನಾಗಭೂಷಣನ ಕೈಗೆ ಕೊಟ್ಟ.